ಮುಟ್ಟಿದರೆ ನಗು

ಮೊಳಕಾಲ್ಮೂರಿನ ಶಿವರಾಮನಿಗೆ ಹೊಕ್ಕುಳ ಪಕ್ಕ ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಅದು ಹರ್ನಿಯಾ, ತಡ ಮಾಡಿದರೆ ಕರುಳು ಸಿಕ್ಕಿಕೊಂಡು ಪ್ರಾಣಕ್ಕೇ ಕುತ್ತು ಎಂದು ಊರಿನ ಡಾಕ್ಟರು ಹೇಳಿದ್ದರು. ಹೇಳಿದ್ದು ದೂರ ನಿಂತು. ಮೊದಲು ಹತ್ತಿರ ಬಂದು ಹೊಟ್ಟೆಗೆ ಬೆರಳಿಟ್ಟಾಗ ಶಿವರಾಮ ಕಿಸಕ್ಕನೆ ನಕ್ಕು ಒದ್ದಿದ್ದರಿಂದ ಅವರ ಕನ್ನಡಕ ಒಡೆದಿತ್ತು.

ಪಾಪ, ಅವನ ತಪ್ಪೇನೂ ಇಲ್ಲ. ರೇಷ್ಮೆ ಸೀರೆ ನೇಯುವ ಈ ಆಸಾಮಿಗೆ ಹುಟ್ಟಿದಾಗಿನಿಂದ ವಿಪರೀತ ಕಚಗುಳಿ. ಟೈಲರ್ ಕೂಡ ಅವನ ಮೈ ಅಳೆಯುತ್ತಿರಲಿಲ್ಲ, ಹಳೇ ಅಂಗಿ ತರಿಸಿಕೊಂಡು ಅದನ್ನೇ ಅಳೆಯುತ್ತಿದ್ದ.

ಒಂದು ದಿನ ಚಳ್ಳಕೆರೆಯ ಛತ್ರವೊಂದರಲ್ಲಿ ಆರೋಗ್ಯ ಶಿಬಿರವಿತ್ತು. ರೋಬೋಟ್ ಆಪರೇಷನ್ನಿಗೆ ರೋಗಿಗಳನ್ನು ಆರಿಸುತ್ತಾರೆಂದು ಸುದ್ದಿ. ಪಕ್ಕದ ಮನೆಯ ದಾಸಣ್ಣ ಬೆಳಿಗ್ಗೆಯೇ ಮೊಬೈಲು ಹಿಡಿದು ಓಡಿ ಬಂದ.

"ಲೇ ಶಿವರಾಮ, ಹೋಗಬ್ಯಾಡ ಕಣಲೇ. ಆ ಯಂತ್ರಕ್ಕೆ ಮುಟ್ಟಿದ್ದು ಗೊತ್ತಾಗಲ್ವಂತೆ. ಕರುಳೂ ಒಂದೇ, ಕಲ್ಲೂ ಒಂದೇ."

"ಡಾಕ್ಟ್ರು ಕೈ ಹಾಕಲ್ವ ದಾಸಣ್ಣ?"

"ಅವ್ರು ದೂರ ಕುಂತು ಟೀವಿ ನೋಡ್ಕಂಡು ಹಿಡಿ ತಿರುಗಿಸ್ತಾರೆ, ಅಷ್ಟೆ."

ಶಿವರಾಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಯಂತ್ರವೇ ನೋಡುತ್ತದೆ, ಯಂತ್ರವೇ ಕೊಯ್ಯುತ್ತದೆ, ಮನುಷ್ಯರ ಬೆರಳಿನ ಕಾಟವೇ ಇಲ್ಲ. ಸಿಕ್ಕ ಬಸ್ಸಿಗೇ ಹತ್ತಿಬಿಟ್ಟ. ಬುದ್ಧಿ ಹೇಳುವುದು ಬಾಕಿ ಇದ್ದುದರಿಂದ ದಾಸಣ್ಣನೂ ಹತ್ತಿದ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರನ ಚೀಲ ಪಕ್ಕೆಗೆ ತಗುಲಿದಾಗಲೆಲ್ಲ ಶಿವರಾಮ ಒಬ್ಬನೇ ನಕ್ಕ. ಮುಂದಿನ ಸೀಟಿನ ಅಜ್ಜಿಗೆ ಕನಿಕರ ಬಂತು.

"ಗೌರಸಮುದ್ರದ ಮಾರಮ್ಮಂಗೆ ಹರಕೆ ಕಟ್ಕಳಪ್ಪ, ತಲೆ ಸರಿಹೋಗ್ತೈತೆ" ಎಂದು ಅವನ ಹಣೆಗೆ ಭಂಡಾರ ಹಚ್ಚಿದಳು. ಅದಕ್ಕೂ ನಕ್ಕ.

ಶಿಬಿರದಲ್ಲಿ ಡಾಕ್ಟರ್ ದೀಪಿಕಾ ಅವನನ್ನು ಮಲಗಿಸಿ ಕೈ ಚಾಚಿದರು. ಶಿವರಾಮ ಎದ್ದು ಕೂತ.

"ಮೇಡಮ್ಮೋರೆ, ನಂದು ರೋಬೋಟ್ ಕೇಸು. ನೀವು ಮುಟ್ಟಂಗಿಲ್ಲ."

"ಅದಕ್ಕೇ ಮುಟ್ಟಬೇಕು. ನಮ್ಮ ಯಂತ್ರಕ್ಕೆ ಸ್ಪರ್ಶ ತಿಳಿಯಲ್ಲ. ಗಂಟು ಮೆತ್ತಗಿದೆಯೋ, ಒತ್ತಿದ್ರೆ ಒಳಗೆ ಹೋಗುತ್ತೋ, ಎಲ್ಲಾ ನಾನು ಈಗಲೇ ಕೈಯಲ್ಲಿ ತಿಳ್ಕೋಬೇಕು. ಬೇರೆಯವರಿಗೆ ಒಂದು ಸಲ ಒತ್ತಿದ್ರೆ ನಿಮಗೆ ಹತ್ತು ಸಲ."

ಬೆರಳು ಸೋಕಿದ್ದೇ ತಡ, ಶಿವರಾಮನ ನಗು ಛತ್ರದ ಅಡುಗೆಮನೆಗೂ ಕೇಳಿಸಿತು. ನಾಚಿಕೆಯಿಂದ ಅವನು ಸತ್ತೇ ಹೋದ. ಡಾಕ್ಟರ ಮುಖ ಮಾತ್ರ ಅರಳಿತು.

"ಗಂಟು ಉಬ್ಬಲಿ ಅಂತ ಎಲ್ಲರ ಹತ್ರಾನೂ ಕೆಮ್ಮಿಸ್ತೀವಿ. ನೀವು ನಕ್ಕರೆ ಇನ್ನೂ ಚೆನ್ನಾಗಿ ಕೈಗೆ ಸಿಗುತ್ತೆ. ನಿಲ್ಲಿಸಬೇಡಿ. ಇವರ ಜೊತೆ ಯಾರು ಬಂದಿದೀರಿ? ಸ್ವಲ್ಪ ಕಚಗುಳಿ ಇಡ್ತಾ ಇರಿ."

ಇಷ್ಟು ವರ್ಷ ಪಕ್ಕದ ಮನೆಯಲ್ಲಿದ್ದೂ ಕಚಗುಳಿ ಇಡದೆ ಕೈ ಬಿಗಿಹಿಡಿದುಕೊಂಡಿದ್ದ ದಾಸಣ್ಣ ಅಂಗಿಯ ತೋಳು ಮಡಚಿಕೊಂಡು ಮುಂದೆ ಬಂದ.