ಸಣ್ಣ ಅಳಿಯನ ಬೆನ್ನಕಿಸೆ ದಿಗ್ವಿಜಯ

ಕೇಳಿರಯ್ಯಾ, ಕಿವಿಯುಳ್ಳವರೇ, ಕಿವಿಯಿದ್ದೂ ಮೊಬೈಲಿಗೆ ಒತ್ತೆಯಿಟ್ಟವರೇ! ಯಾವ ಯುಗದಲ್ಲಿ ಭೂಗರ್ಭದ ಬೆಂಕಿ ಉಕ್ಕಿ ಹರಿದು, ಆರಿ ಕರಿಗಲ್ಲಾಗಿ, ಕಲ್ಲು ಸವೆದು ಎರೆಮಣ್ಣಾಗಿ, ಆ ಮಣ್ಣು ಆಳೆತ್ತರದ ಬಿಳಿಜೋಳವನ್ನು ಹೊತ್ತು ನಿಂತಿತೋ, ಆ ಯುಗಕ್ಕೆ ನಮಸ್ಕಾರ. ಯಾವ ಯುಗದಲ್ಲಿ ವಿಜಯಪುರದ ಗೃಹಸ್ಥರು ಐವತ್ತರ ಹೊಸ್ತಿಲಲ್ಲಿ ಬಿಗಿಯಂಗಿ ತೊಟ್ಟು, ಸಪೂರ ಗಾಲಿಯ ಸೈಕಲ್ಲೇರಿ, ಹೆಂಡತಿಯ ನಗೆಯನ್ನೂ ನಾಯಿಯ ಬೊಗಳಿಕೆಯನ್ನೂ ಸಮಚಿತ್ತದಿಂದ ಸಹಿಸತೊಡಗಿದರೋ, ಆ ಯುಗದ ಮಹಾವೀರನನ್ನು ಹಾಡುತ್ತೇನೆ. ವಾಗ್ದೇವಿಯೇ, ನನ್ನ ನಾಲಗೆಯ ಮೇಲೆ ಬಂದು ಕೂರು. ಸ್ವಲ್ಪ ಸರಿದು ಕೂರು ತಾಯಿ, ಈ ಕಥೆಯಲ್ಲಿ ಕಡಬಿಗೂ ಜಾಗ ಬೇಕು.

ಆತನೇ ಈರಸಂಗಪ್ಪ ಬಗಲಿ! ವರ್ಣವಿಕ್ರಯವಿಶಾರದ, ಅಂದರೆ ಬಣ್ಣದ ಅಂಗಡಿಯ ಮಾಲೀಕ, ಬಹುದಂತಚಕ್ರಸಮನ್ವಿತ-ದ್ವಿಚಕ್ರರಥಾರೂಢ, ಹಿರೇಬೇವಿನಾಳದ ಸಿದರಾಯಗೌಡರ ಸಣ್ಣ ಅಳಿಯ. ಈ ಕಡೆಯ ಬಿರುದೇ ಆತನ ಎದೆಗೆ ನೆಟ್ಟ ಬಾಣ. ದೇಹ ದೊಡ್ಡ ಅಳಿಯನ ಒಂದೂವರೆ ಪಟ್ಟು, ಆದರೂ ಸಣ್ಣ ಅಳಿಯ! ಮದುವೆಯಾದಂದಿನಿಂದ ಮಾವನ ಮನೆಯಲ್ಲಿ ಮೊದಲ ಚಹಾ, ಮೊದಲ ಎಲೆ, ಫೋಟೋದಲ್ಲಿ ಮಾವನ ಪಕ್ಕದ ಕುರ್ಚಿ, ಎಲ್ಲವೂ ದೊಡ್ಡವನಿಗೆ. ಹೋಳಿಗೆ ಈತನ ಎಲೆಗೆ ಬರುವಷ್ಟರಲ್ಲಿ ತುಪ್ಪದ ಗಿಂಡಿ ತಳ ಕಂಡಿರುತ್ತಿತ್ತು. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ? ಆದರೆ ಆ ಉರಿಯನ್ನು ಪಾಪ ಯಾರ ಮುಂದೂ ಆಡಿರಲಿಲ್ಲ.

ಆ ದೊಡ್ಡ ಅಳಿಯನೇ ಮಡಿವಾಳಪ್ಪ ಹಂಜಗಿ, ಹೈಸ್ಕೂಲಿನ ಪಿ.ಟಿ. ಮಾಸ್ತರ, ಶೀಟಿಕಾನಾದಕಂಪಿತ-ಕ್ರೀಡಾಂಗಣ, ಈತನೂ ಸೈಕಲ್ ವೀರ. ಎಳ್ಳಮಾವಾಸ್ಯೆಯ ಮುನ್ನಾದಿನ ಇಬ್ಬರಿಗೂ ಮಾವನಿಂದ ಫೋನು ಬಂತು. ಅಂದು ಹೊಲಕ್ಕೇ ಉಣಿಸುವ ಹಬ್ಬ. ಮನೆಯಲ್ಲಿ ಮಾಡಿದ ಅಡುಗೆಯನ್ನೆಲ್ಲ ಬುಟ್ಟಿಗೆ ತುಂಬಿ, 'ಹುಲ್ಲುಲ್ಲಿಗೋ' ಎಂದು ಗಟ್ಟಿಯಾಗಿ ಕೂಗುತ್ತ, ಬೆಳೆಯ ನಡುವೆ ಎರಚಿಕೊಂಡು ಹೋಗುವುದೇ ಚರಗ. "ನನ್ನ ಮಣಕಾಲು ಭಾಳ ಹಿಡದೈತಿ. ಈ ಸಲ ನಿಮ್ಮಿಬ್ಬರೊಳಗ ಯಾರು ಮೊದಲು ಬರ್ತೀರಿ, ಅವರೇ ಚರಗಾ ಚೆಲ್ಲ್ರಿ. ಚೆಲ್ಲಿದವರಿಗೇ ಮೊದಲ ಎಲಿ," ಎಂದರು ಗೌಡರು. ಈರಸಂಗಪ್ಪನಿಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಹೆಂಡಂದಿರು ಬಸ್ಸು ಹತ್ತಿ ಮುಂದೆ ಹೋದರು. ವೀರರಿಬ್ಬರೂ ಊರ ಹೊರಗಿನ ಚಹಾದಂಗಡಿಯ ಮುಂದೆ ಎದುರುಬದುರಾದರು. ಮಡಿವಾಳಪ್ಪ ಚಹಾವನ್ನೂ ಮುಟ್ಟದೆ ಗರ್ಜಿಸಿದ: "ನೋಡೋ ತಮ್ಮಾ, ನಾ ಗುಡ್ಡದ ಹಾದಿ ಹಿಡಿತೀನಿ. ಕರೀಕಲ್ಲಿನ ಆ ಏರು ನೋಡಿದ್ರ ಎಮ್ಮೀನೂ ಹಿಂದ ಸರಿತಾವ! ನಿನ್ನಿ ಸಂಜೀದಿಂದ ಹೊಟ್ಟಿಗೆ ಏನೂ ಹಾಕಿಲ್ಲ. ಹಗುರಾಗಿ ಹತ್ತಿ ಆಗೀನಿ, ಹತ್ತಿ!"

"ಹತ್ತಿ ಗಾಳಿಗೆ ಹಾರಿ ಹೋಗ್ತೈತ್ರಿ ಅಣ್ಣಾರ," ಎಂದು ಈರಸಂಗಪ್ಪ ಹೆಲ್ಮೆಟ್ಟಿನ ಪಟ್ಟಿ ಬಿಗಿದ. "ನಾ ಬಯಲ ಹಾದಿ ಹಿಡಿತೀನಿ. ದೂರ ಆದ್ರೂ ಸಪಾಟ ರಸ್ತಾ, ಎರಡೂ ಕಡೆ ಬರೇ ಹೊಲಾ, ಒಂದು ದಿಬ್ಬ ಇಲ್ಲ. ನೀವು ಗುಡ್ಡದ ಮ್ಯಾಲ ತೇಕೋದ್ರಾಗ ನಾ ಚರಗಾ ಚೆಲ್ಲಿ ಎಲಿ ಮುಂದ ಕುಂತಿರ್ತೀನಿ!"

ಅಯ್ಯೋ ಮೂಢ! ಎರಡೂ ಕಡೆ ಹೊಲವೆಂದು ನಿನ್ನ ಬಾಯಿಂದಲೇ ಹೇಳಿದೆಯಲ್ಲೋ! ಇಂದು ಎಳ್ಳಮಾವಾಸ್ಯೆ, ಹೊಲ ಹೊಲದಲ್ಲೂ ಜನ, ಜನರ ಮುಂದೆಲ್ಲ ಬುತ್ತಿ. ದಾರಿಯಲ್ಲಿ ಹಾಯುವವನನ್ನು ಉಣ್ಣಿಸದೆ ಬಿಡುವ ರೂಢಿ ಆ ಸೀಮೆಯಲ್ಲಿಲ್ಲ, ಒಲ್ಲೆನ್ನುವ ಧೈರ್ಯ ಯಾವ ವೀರನಿಗೂ ಇಲ್ಲ.

ಮೊದಲ ಹೊಲದ ಬದುವಿನಿಂದ ಕೂಗು ಬಂತು: "ಏ ಅಣ್ಣಾರ, ನಿಂದರ್ರಿ! ಎಳ್ಳಮಾಸಿ ದಿನಾ ಹಂಗ ಹೋಗಬಾರದ್ರಿ!" ಸಜ್ಜೆರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಮೇಲೆ ಕೆನೆಮೊಸರು. ಸ್ವಲ್ಪ ಉಂಡು ಎದ್ದ. ಮುಂದಿನ ಹೊಲದವರು ರಸ್ತೆಗೇ ಅಡ್ಡ ನಿಂತಿದ್ದರು. ಅಲ್ಲಿಯೂ ಉಂಡ. ಅದರಾಚೆಯವರು, "ಅವರಲ್ಲಿ ಉಂಡೀರಿ, ನಮ್ಮಲ್ಲಿ ಉಣ್ಣಂಗಿಲ್ಲೇನು? ನಾವೇನು ಮಾಡೀವ್ರಿ?" ಎಂದು ಮುಖ ಸಣ್ಣದು ಮಾಡಿದರು. ಹೀಗೆ ಭುಜಬಲದಿಂದ ಗೆಲ್ಲಬೇಕಾಗಿದ್ದ ಯುದ್ಧವನ್ನು ಜಠರಬಲದಿಂದ ಕಾದುತ್ತ, ಒಂದೊಂದು ಹೊಲಕ್ಕೂ ಒಂದೊಂದು ಗೇರು ಇಳಿಸುತ್ತ, ಕಡೆಗೆ ನಡೆಯುವವರಿಗಿಂತ ನಿಧಾನವಾಗಿ ತುಳಿಯುತ್ತ ಆ ಮಹಾರಥಿ ಸಾಗಿದ.

ಕೊನೆಯ ಹೊಲದಲ್ಲಿ ಒಬ್ಬ ಮುದುಕಿ ಹ್ಯಾಂಡಲ್ಲನ್ನೇ ಹಿಡಿದಳು. "ಯವ್ವಾ, ಕೈ ಮುಗಿತೀನಿ, ಹೊಟ್ಯಾಗ ಜಾಗಾನ ಇಲ್ಲ," ಎಂದ ಈರಸಂಗಪ್ಪ, ಅಳುವುದೊಂದು ಬಾಕಿ.

"ಹೊಟ್ಟಿ ತುಂಬಿದ್ರ ಏನಾತೋ ನನ್ನಪ್ಪಾ, ಕಿಸೆ ಖಾಲಿ ಅದಾವಲ್ಲ!" ಎಂದವಳೇ ಮುದುಕಿ ಸೈಕಲ್ ಅಂಗಿಯನ್ನು ತಡವಿದಳು. "ಅಯ್ಯ ಶಿವನ, ಎದಿಮ್ಯಾಲ ಇರೂ ಕಿಸೆ ಬೆನ್ನಿಗೆ ಹಚ್ಚ್ಯಾನಲ್ಲೋ ನಿಮ್ಮ ದರ್ಜಿ!" ಬೆನ್ನ ಮೇಲಿನ ಮೂರೂ ಕಿಸೆಗಳಿಗೆ ಕಡಬು, ರೊಟ್ಟಿ, ಕುಂಬಳಕಾಯಿ ಪಲ್ಯವನ್ನು ಒತ್ತಿ ಒತ್ತಿ ತುಂಬಿ, ಮೇಲಿನಿಂದ ಒಂದು ಗುದ್ದು ಕೊಟ್ಟು ಕಳಿಸಿದಳು. ಎಣ್ಣೆ ಬೆನ್ನಿಗೆ ಇಳಿಯತೊಡಗಿತು.

ಮಾವನ ಹೊಲಕ್ಕೆ ಬಂದಾಗ ಬೇವಿನ ಮರಕ್ಕೊರಗಿ ನಿಂತಿದ್ದ ದೊಡ್ಡವನ ಸೈಕಲ್ಲು ಕಂಡಿತು. ಸೋತೆ! ಈರಸಂಗಪ್ಪನ ಕಣ್ಣಲ್ಲಿ ನೀರೇ ಬಂತು. ಅತ್ತೆ ನೀಲವ್ವ ಮಾತ್ರ ಜೋಳದ ಕಡೆ ಕಿವಿಗೊಟ್ಟು ನಿಂತಿದ್ದಳು. "ದೊಡ್ಡ ಅಳಿಯಾರು ಬುಟ್ಟಿ ತೊಗೊಂಡು ಒಳಗ ಹೋಗ್ಯಾರ. ಮೊದಲು 'ಹುಲ್ಲುಲ್ಲಿಗೋ' ಅಂತ ಕೂಗಿದ್ರು, ಆಮ್ಯಾಲ ಧ್ವನೀನ ಇಲ್ಲ. ಹಾವು ಗೀವು ಏನರ ಬಂತೋ ಏನೋ, ಒಂದೀಟು ನೋಡ್ರಿ ಯಪ್ಪಾ."

ವೀರ ಜೋಳದೊಳಕ್ಕೆ ನುಗ್ಗಿದ. ಹೊಲದ ನಟ್ಟನಡುವೆ ಮಡಿವಾಳಪ್ಪ ಕುಕ್ಕರುಗಾಲಲ್ಲಿ ಕೂತಿದ್ದ. ಎರಡೂ ಕೆನ್ನೆ ಉಬ್ಬಿದ್ದವು, ಮೀಸೆಗೆ ತುಪ್ಪ ಹತ್ತಿತ್ತು, ಬುಟ್ಟಿ ಬರಿದಾಗಿತ್ತು. ಭೂಮಿತಾಯಿಗೆಂದು ಕೊಟ್ಟ ಚರಗವನ್ನು ಆ ಉಪವಾಸವೀರ ತಾನೇ ಬಾರಿಸಿಬಿಟ್ಟಿದ್ದ!

"ತಮ್ಮಾ," ಎಂದ ತುತ್ತು ನುಂಗಿ, "ಗುಡ್ಡಾ ಇಳದಾಗ ಕಣ್ಣು ಕತ್ತಲಿ ಬಂದಿದ್ವೋ. ಒಂದ ಕಡಬು ಬಾಯಿಗೆ ಹಾಕ್ಕೊಂಡೆ, ಮುಂದ ಕೈ ನಿಲ್ಲಲೇ ಇಲ್ಲ. ಇನ್ನಾ ಅರ್ಧಾ ಹೊಲಾ ಉಳದೈತಿ. ಯಾರಿಗೂ ಹೇಳಬ್ಯಾಡೋ ಮಾರಾಯಾ!"

ಒಂದೇ ಒಂದು ಕೂಗು ಹಾಕಿದ್ದರೆ ಸಾಕಿತ್ತು. ಇಷ್ಟು ವರ್ಷಗಳ ಅವಮಾನ ಆ ಕೂಗಿನಲ್ಲಿ ತೀರಿಹೋಗುತ್ತಿತ್ತು. ಈರಸಂಗಪ್ಪ ಬಾಯಿ ತೆರೆದೂ ತೆರೆದ. ಅಷ್ಟರಲ್ಲಿ ಮಾವನ ಮಣಕಾಲು ನೆನಪಾಯಿತು, ಹಸಿದು ನಿಂತ ಅರ್ಧ ಹೊಲ ಕಂಡಿತು. ದೊಡ್ಡವನಿಗೆ ಬೆನ್ನು ಮಾಡಿ ನಿಂತ.

"ಹಿಂದಿನ ಕಿಸೆದಾಗ ಕೈ ಹಾಕ್ರಿ," ಎಂದ. "ನನಗ ಬಗ್ಗಾಕ, ತಿರಗಾಕ ಒಂದೂ ಆಗಂಗಿಲ್ಲ. ನೀವು ತಗದು ಕೊಡ್ರಿ, ನಾ ಚೆಲ್ಲತೀನಿ."

ಆಗ ನೋಡಬೇಕಿತ್ತು ಆ ವೈಭವ! ಮುಂದೆ ಸಣ್ಣ ಅಳಿಯ, ಹಿಂದೆ ಆತನ ಬೆನ್ನಿಗೆ ಕೈ ಹಾಕಿ ಕಡಬು ಕೀಳುತ್ತ ದೊಡ್ಡ ಅಳಿಯ, "ಹುಲ್ಲುಲ್ಲಿಗೋ!" ಎಂದು ತೇಗಿನ ನಡುನಡುವೆ ಮೊಳಗಿದ ಕಂಠಕ್ಕೆ ತೆನೆಯ ಮೇಲಿನ ಗುಬ್ಬಿಗಳೆಲ್ಲ ಎದ್ದವು. ಮರದ ಕೆಳಗೆ ಹೊರಸಿನ ಮೇಲೆ ಮಲಗಿದ್ದ ಗೌಡರು ಕಿವಿ ನಿಮಿರಿಸಿದರು. "ಯಾರದ ಈ ಧ್ವನಿ? ಸಣ್ಣ ಅಳಿಯಾರದೇನ? ಗಂಟಲಂದ್ರ ಗಂಟಲ ನೋಡು! ಮೊದಲ ಎಲಿ ಅವರಿಗೇ ಹಾಕ್ರಿ." ಜೋಳದೊಳಗಿನಿಂದ ಈರಸಂಗಪ್ಪನಿಗೆ ಅದು ಸ್ಪಷ್ಟವಾಗಿ ಕೇಳಿಸಿತು.

ಹಾಗೆ ಜನ್ಮದಲ್ಲಿ ಮೊದಲ ಬಾರಿಗೆ ನೀಲವ್ವ ಸಣ್ಣ ಅಳಿಯನ ಎಲೆಯ ಮುಂದೆ ಮೊದಲು ನಿಂತಳು. ಬಿಸಿ ಕಡಬು, ತುಂಬಿದ ತುಪ್ಪದ ಗಿಂಡಿ! ಅದನ್ನು ಕಂಡದ್ದೇ ಈರಸಂಗಪ್ಪನ ಹೊಟ್ಟೆ ಗುಡುಗಿತು. ಒಳಗೆ ಒಂದು ಸಾಸಿವೆಗೂ ಎಡೆಯಿರಲಿಲ್ಲ.

"ಅತ್ತೀ," ಎಂದ ಕ್ಷೀಣಸ್ವರದಲ್ಲಿ, "ಮೊದಲು ಅಣ್ಣಾರಿಗೆ ನೀಡ್ರಿ."

"ಛೇ ಛೇ ಛೇ!" ಎಂದು ಮಡಿವಾಳಪ್ಪ ಎರಡೂ ಕೈಗಳಿಂದ ಎಲೆ ಮುಚ್ಚಿದ. "ಮೊದಲು ಈರಸಂಗಪ್ಪಗ! ಚರಗಾ ಚೆಲ್ಲಿದಾಂವ ಅಂವಾ!"

"ನೀವು ಹಿರ್ಯಾರು!"

"ನೀನ ಗೆದ್ದಾಂವ!"

ಯಾವ ಅಗ್ರಪೂಜೆಗಾಗಿ ಗುಡ್ಡ ಬಯಲುಗಳು ನಡುಗಿದವೋ, ಅದನ್ನು ಒಬ್ಬರ ಮೇಲೊಬ್ಬರು ದೂಡುತ್ತ ಇಬ್ಬರೂ ಬೆವರಿದರು. ನೀಲವ್ವನ ಕಣ್ಣು ತುಂಬಿ ಬಂತು. "ಎಷ್ಟ ಹೊಂದಿಕೊಂಡಾರ್ರೀ ನಮ್ಮ ಅಳಿಯಂದ್ರು! ಸ್ವಂತ ಅಣ್ಣ ತಮ್ಮಂದ್ರೂ ಹಿಂಗ ಇರಂಗಿಲ್ಲ!" ಎಂದವಳೇ ಎರಡು ಕೈಯಲ್ಲಿ ಎರಡೆರಡು ಕಡಬು ಹಿಡಿದು, ಎರಡೂ ಎಲೆಗಳಿಗೆ ಒಟ್ಟಿಗೇ ನೀಡಿದಳು. ಈರಸಂಗಪ್ಪನ ಹೆಂಡತಿ ಸುರೇಖಾ ಮಾತ್ರ ಗಂಡನ ಬೆನ್ನನ್ನೇ ನೋಡುತ್ತಿದ್ದಳು. "ರೀ, ನಮ್ಮನ್ಯಾಗ ಕುಂಬಳಕಾಯಿ ಪಲ್ಯಾ ಮಾಡೇ ಇಲ್ಲಲ್ಲ?" ಎಂದು ಕೇಳಿದಳು. ಷಡ್ಡಕರಿಬ್ಬರೂ ಗಡಬಡಿಸಿ ಕಡಬನ್ನು ಬಾಯಿಗೆ ಹಾಕಿಕೊಂಡರು.

ಸಂಜೆ ಬರಿಯ ಪಾತ್ರೆಗಳನ್ನೂ ಎರಡು ಸೈಕಲ್ಲುಗಳನ್ನೂ ಹೇರಿಕೊಂಡು ಟ್ರ್ಯಾಕ್ಟರು ಊರ ಕಡೆ ಹೊರಟಿತು. ವೀರರಿಬ್ಬರೂ ಅವುಗಳ ನಡುವೆ ಹೊಟ್ಟೆ ಹಿಡಿದುಕೊಂಡು ಅಂಗಾತ ಬಿದ್ದಿದ್ದರು. ಮೊದಲು ಹತ್ತಿದವರು ಯಾರೆಂದು ಯಾರೂ ಕೇಳಲಿಲ್ಲ.