ಕಲ್ಲಿನ ತಲೆಯೂ ಕಮಲಳ ಕನ್ನಡಕವೂ

ಕೋತಿಗಳ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬೆಳೆದವನು ನಾನು. ಓದಿದ್ದು ಹೈಸ್ಕೂಲು, ಆದರೆ ಕೋತಿಶಾಸ್ತ್ರದಲ್ಲಿ ಮಹಾಪಂಡಿತ! ಈ ಪಾಂಡಿತ್ಯದಿಂದ ನನ್ನ ಹೆಂಡತಿ ಕಮಲಳಿಗೆ ಆದ ಅನ್ಯಾಯವನ್ನು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ. ನಾವೀಗ ಇರುವ ಕೆನಡಾದ ಬ್ರ್ಯಾಂಪ್ಟನ್ನಿನ ಗೆಳೆಯರಿಗೆ ಇದುವರೆಗೆ ಹೇಳಿದ್ದೆಲ್ಲ ಸುಳ್ಳು.

ಮೊಮ್ಮಗಳ ಸ್ಕೂಲ್ ಪ್ರಾಜೆಕ್ಟಿನಲ್ಲಿ ಒಂದು ಚಿತ್ರವಿತ್ತು. ಮೆಕ್ಸಿಕೋದಲ್ಲಿ ಒಲ್ಮೆಕ್ ಎಂಬ ಪುರಾತನ ಜನ ಕೆತ್ತಿದ, ಆಳೆತ್ತರಕ್ಕಿಂತ ದೊಡ್ಡದಾದ ಕಲ್ಲಿನ ತಲೆ. ಕಣ್ಣಿಗೆ ಪೊರೆ ಬಂದಿದ್ದ ಕಮಲ ಚಿತ್ರವನ್ನು ಮೂಗಿನ ಹತ್ತಿರ ಹಿಡಿದು, "ಆಪರೇಷನ್ ಆದ್ಮೇಲೆ ಇದನ್ನ ಒಂದ್ಸಲ ಕಣ್ತುಂಬ ನೋಡ್ಬೇಕು ರೀ" ಎಂದಳು.

"ಅಜ್ಜಿ, ಯೂ ಶುಡ್ ಗೋ!" ಎಂದಳು ಮೊಮ್ಮಗಳು.

ಆಪರೇಷನ್ ಆಯಿತು. ಹೊಸ ಕನ್ನಡಕ ಬಂತು. ಚಳಿಗಾಲದಲ್ಲಿ ಟೊರಾಂಟೊದಿಂದ ಮೆಕ್ಸಿಕೋಗೆ ವಿಮಾನ ಹತ್ತಿದೆವು.

ಕಲ್ಲಿನ ತಲೆ ಇದ್ದದ್ದು ಗೋಡೆ, ಸೂರು ಇಲ್ಲದ ಮ್ಯೂಸಿಯಂನಲ್ಲಿ. ಕಾಡಿನಂಥ ತೋಪು, ಮರಗಳ ನಡುವೆ ಶಿಲ್ಪಗಳು, ಬೇಲಿಯಾಚೆ ಮೊಸಳೆ, ಜಾಗ್ವಾರ್. ಬಾಗಿಲಲ್ಲಿದ್ದ ಕಾವಲುಗಾರ ನಮ್ಮ ತಿಂಡಿಯ ಬ್ಯಾಗು ತೋರಿಸಿ, "ಕೇರ್‌ಫುಲ್! ಕೋವಾಟಿ! ಕೋವಾಟಿ!" ಎಂದ.

ನನಗೆ ರೋಮಾಂಚನವಾಯಿತು. "ಕೇಳಿದ್ಯಾ ಕಮಲಾ? ಇಲ್ಲಿಯವ್ರೂ ಕೋತಿಗೆ ಕೋತಿ ಅಂತಾನೇ ಅಂತಾರೆ! ಸ್ವಲ್ಪ ರಾಗ ಜಾಸ್ತಿ, ಅಷ್ಟೇ."

"ಅವ್ನು ಬೇರೇನೋ ಹೇಳ್ತಿರ್ಬೇಕು ರೀ."

"ನನ್ನ ಮಾತು ಕೇಳು. ಕೋತಿ ಮೇಲಿಂದ ಬರುತ್ತೆ, ಮೊದ್ಲು ಕನ್ನಡಕಕ್ಕೇ ಕೈ ಹಾಕುತ್ತೆ. ತೆಗಿ ಅದನ್ನ!"

"ನೋಡಕ್ಕೆ ಅಂತಲೇ ಬಂದಿರೋದಲ್ವೇನ್ರೀ?"

"ಕಲ್ಲಿನ ತಲೆ ಹತ್ರ ಹೋದ್ಮೇಲೆ ಹಾಕ್ಕೊಳ್ಳುವೆಯಂತೆ."

ಕನ್ನಡಕ ಕೋಡುಬಳೆಯ ಪೊಟ್ಟಣದ ಪಕ್ಕ ಬ್ಯಾಗು ಸೇರಿತು. ಸ್ವಲ್ಪ ನಡೆದ ಮೇಲೆ ಕಮಲ ಬೆಂಚಿನಲ್ಲಿ ಕೂತಳು. ನಾನು ಬ್ಯಾಗನ್ನು ಬೆಂಚಿನ ಕೆಳಗೆ, ನೆಲದ ಮೇಲೆ, ಅತ್ಯಂತ ಭದ್ರವಾಗಿ ಇಟ್ಟೆ. ಆಮೇಲೆ ಮರಗಳ ಕಡೆ ಛತ್ರಿ ಗುರಿಯಿಟ್ಟು ಪಹರೆಗೆ ನಿಂತೆ.

ಪೊದೆಯೊಳಗಿಂದ ಉದ್ದ ಮೂಗಿನ ಏಳೆಂಟು ಪ್ರಾಣಿಗಳು ಬಾಲ ನೆಟ್ಟಗೆ ಎತ್ತಿಕೊಂಡು ಸಾಲಾಗಿ ಬಂದವು.

"ರೀ, ಕಾಲ ಹತ್ರ ಏನೋ ಓಡಾಡ್ತಿದೆ!"

"ಮುಂಗುಸಿ ಕಣೇ! ಶುಭಶಕುನ! ಓಡಿಸ್ಬೇಡ, ಕೈ ಮುಗಿ!"

ಇಬ್ಬರೂ ಭಕ್ತಿಯಿಂದ ಕೈ ಮುಗಿದೆವು. ಶುಭಶಕುನ ನಮ್ಮ ಬ್ಯಾಗು ಕಚ್ಚಿಕೊಂಡು ಹೊರಟಿತು!

"ಕೋವಾಟಿ!" ಎನ್ನುತ್ತ ಕಾವಲುಗಾರ ಓಡಿ ಬಂದ. ಆ ಪ್ರಾಣಿಯ ಹೆಸರೇ ಅದು ಎಂದು ಆಗ ಹೊಳೆಯಿತು. ನಾನು ಛತ್ರಿ ಬೀಸುತ್ತ ಬೆನ್ನಟ್ಟಿದೆ.

ಕನ್ನಡಕವನ್ನು ಪ್ರಾಣಿಯೇ ಅಗಿದು ಹಾಕಿತು ಎಂದು ಊರಿಗೆಲ್ಲ ಸಾರಿದ್ದೇನೆ. ಪಾಪ, ಅದು ಕೋಡುಬಳೆ ಮಾತ್ರ ತೆಗೆದುಕೊಂಡು, ಕನ್ನಡಕವನ್ನು ದಾರಿ ಮಧ್ಯೆ ಒಂದು ಗೀರೂ ಇಲ್ಲದಂತೆ ಬಿಟ್ಟು ಹೋಗಿತ್ತು. ನಾನೋ, ಮೇಲೆ ಕೋತಿಯೂ ಇದ್ದರೆ ಎಂದು ಕತ್ತೆತ್ತಿಕೊಂಡೇ ಓಡುತ್ತಿದ್ದೆ. ಕಾಲಡಿಯಲ್ಲಿ 'ಕರಕ್' ಎಂದಿತು.

ಎರಡೂ ಗಾಜು ಚೂರು!

ಚೂರುಗಳನ್ನು ಕರವಸ್ತ್ರದಲ್ಲಿ ಹಿಡಿದು ಅವಳ ಮುಂದೆ ನಿಂತಾಗ ನನಗೆ ಅಳು ಬರುವಂತಾಯಿತು. "ತಪ್ಪಾಯ್ತು ಕಣೇ. ಹೋಟೆಲಿಗೆ ಹೋಗ್ಬಿಡೋಣ."

ಕಮಲ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇಷ್ಟು ದೂರ ಬಂದಿದ್ದೀವಿ. ನೀವೇ ನೋಡಿ ಹೇಳಿ, ನಡೀರಿ" ಎಂದು ನನ್ನ ಕೈ ಹಿಡಿದಳು.

ಕಲ್ಲಿನ ತಲೆಯ ಮುಂದೆ ನಿಂತೆವು. ಅವಳಿಗೆ ಅದು ಬರೀ ಬೂದು ಗುಡ್ಡೆ.

"ಮುಖ ಹೇಗಿದೆ?"

"ಮೂಗು ಚಪ್ಪಟೆ. ತುಟಿ ದಪ್ಪ. ಹುಬ್ಬು ಗಂಟು ಹಾಕ್ಕೊಂಡಿದೆ."

"ಕಿವಿ?"

"ದೊಡ್ಡದಾಗೇ ಇದೆ. ಆದ್ರೆ ಯಾರು ಹೇಳಿದ್ರೂ ಕೇಳಲ್ಲ ಅನ್ನೋ ಥರ ಇದೆ."

"ಒಳಗೇನಾದ್ರೂ ಇದೆಯಾ?"

"ಇಲ್ಲ, ಪೂರ್ತಿ ಕಲ್ಲು."

ಅವಳು ನಗುತ್ತ ನನ್ನ ತೋಳಿಗೆ ಒರಗಿದಳು. "ಹಾಗಾದ್ರೆ ಬಿಡಿ, ಕನ್ನಡಕ ಬೇಕಾಗಿಲ್ಲ. ನಲವತ್ತು ವರ್ಷದಿಂದ ನೋಡ್ತಾನೇ ಇದ್ದೀನಿ."

ನಾನು ಇನ್ನೊಮ್ಮೆ ಆ ತಲೆಯನ್ನು ದಿಟ್ಟಿಸಿದೆ. ನಿಜ ಹೇಳಬೇಕೆಂದರೆ, ಅದೇ ಸ್ವಲ್ಪ ಬುದ್ಧಿವಂತನ ಹಾಗೆ ಕಾಣುತ್ತಿತ್ತು!