ಮಕ್ಕಳೇ ಕೇಳಲಿ

ತೊಂದರೆಗೆಲ್ಲ ಮೂಲ ಒಂಬತ್ತು ಪುಟದ ಒಂದು ಚೋಪಡಿ.

ಯಂಕೋಬ ಮಾಸ್ತರರು ರಾಯಚೂರಿಗೆ ಹತ್ತು ದಿನದ ತರಬೇತಿಗೆ ಹೋದಾಗ ಅದನ್ನು ಅವರ ಕೈಗೆ ಕೊಟ್ಟಿದ್ದರು. ಯಾವುದೋ ದೂರದ ದೇಶದಲ್ಲಿ ಹತ್ತಾರು ದೇಶದ ಮಕ್ಕಳು ಕೂಡಿ ಕಲಿಯುವ ಒಂದು ಶಾಲೆಯಿದೆಯಂತೆ, ಅಲ್ಲಿಯ ಪಾಠಕ್ರಮವಂತೆ. ಆ ಶಾಲೆಯಲ್ಲಿ ಮಾಸ್ತರು ಪಾಠ ಹೇಳುವುದಿಲ್ಲ. ಮಕ್ಕಳೇ ಪ್ರಶ್ನೆ ಹಾಕಿಕೊಳ್ಳುತ್ತಾರೆ. ಊರೆಲ್ಲ ಅಡ್ಡಾಡಿ ಉತ್ತರ ಹುಡುಕುತ್ತಾರೆ. ಆಮೇಲೆ ಒಂದು ಕಡೆ ಕೂತು, ‘ನನಗೆ ತಿಳಿದದ್ದು’ ಮತ್ತು ‘ಇನ್ನೂ ತಿಳಿಯದ್ದು’ ಎಂದು ಎರಡು ಭಾಗ ಮಾಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ.

ಮಾಸ್ತರರಿಗೆ ಚೋಪಡಿಗಿಂತ ಹೆಚ್ಚು ಹಿಡಿಸಿದ್ದು ಕೊನೆಯ ದಿನದ ಭಾಷಣ. ಇನ್‌ಸ್ಪೆಕ್ಟರ್ ಸಾಹೇಬರು ಎದ್ದು ನಿಂತು, "ಈ ಪದ್ಧತಿ ಯಾರು ಮೊದಲು ಮಾಡಿ ತೋರಸ್ತಾರೋ, ಅವರ ವರ್ಗಾವಣೆ ಅರ್ಜಿ ನಾನ ಎತ್ತಿ ಮ್ಯಾಲಿಡ್ತೀನಿ" ಎಂದಿದ್ದರು.

ಮಾಸ್ತರರ ಮನೆ ಇದ್ದದ್ದು ಭಾಗ್ಯನಗರದಲ್ಲಿ. ಹೆಂಡತಿ ಇದ್ದದ್ದೂ ಅಲ್ಲೇ. ಅವರೊಬ್ಬರು ಮಾತ್ರ ಮೂರು ವರ್ಷದಿಂದ ಯಲಬುರ್ಗಾ ಕಡೆಯ ತೊಗರಿಹಾಳದಲ್ಲಿದ್ದರು. ಶನಿವಾರ ಹೋಗಿ ಸೋಮವಾರ ಬರಬೇಕು. ನಡುವಿನ ದಿನಗಳಲ್ಲಿ ತಾವೇ ರೊಟ್ಟಿ ತಟ್ಟಿಕೊಳ್ಳಬೇಕು. ಅವರು ತಟ್ಟಿದ ಮೊದಲ ರೊಟ್ಟಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋದ ನಾಯಿ ಆ ಓಣಿಗೆ ಮತ್ತೆ ಬಂದಿರಲಿಲ್ಲ.

ಶಾಲೆಯಲ್ಲಿ ಇನ್ನೊಬ್ಬರು ಜಿಲಾನಸಾಬ ಮಾಸ್ತರು. ಇಬ್ಬರಲ್ಲಿ ಹಿರಿಯರಾದ್ದರಿಂದ ಅವರೇ ಹೆಡ್‌ಮಾಸ್ತರು. ಸಾಹೇಬರು ಬುಧವಾರ ಮಧ್ಯಾಹ್ನ ತಪಾಸಣೆಗೆ ಬರುತ್ತಾರೆಂದು ಮಂಗಳವಾರ ಸಂಜೆ ಕಾಗದ ಬಂತು. ಯಂಕೋಬ ಮಾಸ್ತರರು ಹಿಗ್ಗಿ ಚೋಪಡಿ ತೆರೆದರು. ಜಿಲಾನಸಾಬರು ಅದನ್ನು ಮೆಲ್ಲಗೆ ಮುಚ್ಚಿದರು.

"ಯಂಕೋಬರಾಯರ, ನನ್ನ ಮಾತು ಕೇಳ್ರಿ. ಮುಂದಿನ ಸಾಲಿನ್ಯಾಗ ಏಳು ಹುಡುಗರು, ಏಳು ಉತ್ತರ. ಮೊದಲನೇದಂವಾ ದಿಲ್ಲಿ. ಎರಡನೇದಂವಾ ಹದಿನಾರು. ಮೂರನೇದಂವಾ ತುಂಗಭದ್ರಾ. ಇಪ್ಪತ್ತೆರಡು ವರ್ಷ ಆತು, ಸಾಹೇಬ್ರೂ ಅವ ಏಳು ಪ್ರಶ್ನಿ ಕೇಳ್ತಾರ. ಎಲ್ಲಾರೂ ಊಟ ಮಾಡಿ ಖುಷಿಲೆ ಹೋಗ್ಯಾರ."

"ಕಾಲ ಬದಲಾಗೇತ್ರಿ ಸಾಬ್ರ. ಇನ್ನ ಮಕ್ಕಳ ಕೇಳ್ಬೇಕು."

"ಯಾರನ್ನ?"

"ಊರನ್ನ."

"ಊರು ಹೇಳಬೇಕಲ್ರಿ" ಎಂದು ಜಿಲಾನಸಾಬರು ಟೋಪಿ ಸರಿಮಾಡಿಕೊಂಡು ಮನೆಗೆ ಹೋದರು.

ಯಂಕೋಬ ಮಾಸ್ತರರು ಮಕ್ಕಳನ್ನು ಕೂಡಿಸಿ ಹೇಳಿದರು: "ನಾಳೆ ಬೆಳಿಗ್ಗೆ ಎದ್ದ ಕೂಡಲೇ ಹೊರಡ್ರಿ. ಯಾವುದು ನಿಮಗ ತಿಳಿದಿಲ್ಲ, ಅದನ್ನ ಕೇಳ್ರಿ. ಯಾರು ಬೈದರೂ ಬಿಡಬ್ಯಾಡ್ರಿ. ಕಣ್ಣಿಲೆ ನೋಡಿ, ಕಿವಿಲೆ ಕೇಳಿ ಬರೀರಿ."

ಮೂರು ವರ್ಷದಲ್ಲಿ ಮೊದಲ ಸಲ ಮಕ್ಕಳು ಅವರ ಮಾತನ್ನು ಅಕ್ಷರಶಃ ಪಾಲಿಸಿದವು.

ಬುಧವಾರ ಬೆಳಿಗ್ಗೆ ಮಾಸ್ತರರು ಹಲ್ಲುಜ್ಜುತ್ತಿರುವಾಗಲೇ ಹಾಲು ಮಾರುವ ಗಾಳೆಮ್ಮ ಬಾಗಿಲಿಗೆ ಬಂದಳು. ತಲೆಯ ಮೇಲಿನ ಕೊಡ ಇಳಿಸಲೂ ಇಲ್ಲ.

"ಮಾಸ್ತರ, ನನ್ನ ಎಮ್ಮಿಗೆ ಕಾವಲು ಹಾಕೀರೇನು?"

ಮಾಸ್ತರರು ಬಾಯಿ ಮುಕ್ಕಳಿಸಿ ಉಗುಳಿದರು. "ಕಾವಲಲ್ಲವ್ವಾ. ಅದು ಅಭ್ಯಾಸ."

"ನಾಕು ಹುಡುಗರು ಹಿಂಡೋ ಹೊತ್ತಿಗೆ ಬಂದು ಕುಂತ್ರು. ನಾಕು ಸೇರು ಅಂತ ಬರಕೊಂಡ್ರು. ನನ್ನ ಹಿಂದಿಂದ ಮನಿ ಮನಿಗೆ ಬಂದು ಎಲ್ಲೆಲ್ಲಿ ಎಷ್ಟೆಷ್ಟು ಹಾಕಿದೆ ಅಂತ ಅದನ್ನೂ ಬರಕೊಂಡ್ರು. ಕೂಡಿಸಿದ್ರ ಆರು ಸೇರು ಆತು. ಊರ ಅಗಸಿ ಬಾಗಿಲ ಮುಂದ ನಿಂತು ಕೇಳ್ತಾವ, ಉಳದ ಎರಡು ಸೇರು ಯಾವ ಎಮ್ಮಿದು ಆಯಿ ಅಂತ."

"ನೀವೇನಂದ್ರಿ?"

"ಏನಂತೀನಿ? ಕೂಡಿಸೋದು ಕಲಿಸಿದ ಮ್ಯಾಲ ಎಲ್ಲಿ ಕೂಡಿಸಬಾರದು ಅನ್ನೋದನ್ನೂ ಕಲಿಸ್ಬೇಕು ಮಾಸ್ತರ. ಅರ್ಧ ವಿದ್ಯಾ ಕಲಿಸಿ ಕೈ ಬಿಟ್ರ ಹೆಂಗ?"

ಗಾಳೆಮ್ಮ ಅವತ್ತು ಅವರಿಗೆ ಹಾಲು ಹಾಕಲಿಲ್ಲ. ಮಾಸ್ತರರು ಕರಿ ಚಹಾ ಕುಡಿದು ಶಾಲೆಗೆ ಹೋದರು.

ಹತ್ತು ಗಂಟೆಯ ಹೊತ್ತಿಗೆ ದರ್ಜಿ ಸಣ್ಣಪ್ಪ ಬಂದ. ಸೊಂಟದಿಂದ ಮೇಲಕ್ಕೆ ಅವನ ಮೈಮೇಲೆ ಇದ್ದದ್ದು ಒಂದು ಟವೆಲು ಮಾತ್ರ. ಆ ಟವೆಲನ್ನೇ ಸೀರೆಯ ಸೆರಗಿನಂತೆ ಎದೆಗೆ ಹೊದ್ದುಕೊಂಡಿದ್ದ.

"ನೋಡ್ರಿ ಮಾಸ್ತರ, ನೋಡ್ರಿ ನನ್ನ ಅವಸ್ಥಾ."

ಸಣ್ಣಪ್ಪ ವಾರದಲ್ಲಿ ಏಳು ದಿನ ಏಳು ಅಂಗಿ ಹಾಕುತ್ತಿದ್ದ. ಆದರೆ ಅವನ ಮನೆಯ ಹಗ್ಗದ ಮೇಲೆ ಒಣಗುತ್ತಿದ್ದುದು ಯಾವಾಗಲೂ ಒಂದೇ ಅಂಗಿ. ಮೂರನೇ ಇಯತ್ತೆಯ ಇಬ್ಬರು ಹುಡುಗಿಯರಿಗೆ ಇದು ಹೇಗೆಂದು ತಿಳಿದಿರಲಿಲ್ಲ. ಅವರು ಅವನ ಗೂಟದ ಮೇಲಿನ ಅಂಗಿಗಳ ಬಣ್ಣ, ಗುಂಡಿ ಬರೆದುಕೊಂಡು ಮನೆಮನೆಗೆ ಹೋಗಿ, ‘ಇಂಥ ಅರಿವಿ ಹೊಲಿಯಾಕ ಕೊಟ್ಟಿದ್ರೇನು’ ಎಂದು ಕೇಳಿದ್ದರು. ಊರ ಚೇರ್ಮನ್ ವಿರುಪಣ್ಣ ಯುಗಾದಿಗೆ ಕೊಟ್ಟಿದ್ದ ಅಂಗಿ ದಸರೆ ದಾಟಿದರೂ ಬಂದಿರಲಿಲ್ಲ. ಅವರು ನೇರ ಬಂದು, ಬಸ್ ಸ್ಟ್ಯಾಂಡಿನ ಮುಂದೆಯೇ ಸಣ್ಣಪ್ಪನ ಮೈಮೇಲಿಂದ ಅದನ್ನು ಬಿಚ್ಚಿಸಿಕೊಂಡು ಹೋಗಿದ್ದರು.

"ಹಾಕ್ಕೊಂಡು ನೋಡ್ಬೇಕಲ್ರಿ, ಹೊಲಿಗಿ ಬಿಗಿ ಐತೋ ಇಲ್ಲೋ" ಎಂದ ಸಣ್ಣಪ್ಪ.

"ಆರು ತಿಂಗಳು ನೋಡಬೇಕೇನೋ ಸಣ್ಣಪ್ಪ?"

"ಬಿಗಿ ಹೊಲಿಗಿ ಸಡ್ಲಾಗಾಕ ಟೈಮ್ ಹಿಡೀತೈತ್ರಿ. ಅದಿರ್ಲಿ, ಊರಾಗ ಅರ್ಜಿ ಬರ್ಯಾಕ ಹತ್ಯಾರ. ನೀವು ಇಲ್ಲಿ ಬ್ಯಾಡ ಅಂತ. ಅಕ್ಷರ ಭಾಳ ಛಂದ ಅದಾವ ಅಂತ ನನ್ನ ಕೈಲೆ ಬರಸ್ಯಾರ. ಬ್ಯಾಸರ ಮಾಡ್ಕೋಬ್ಯಾಡ್ರಿ, ನಾನೂ ಸಹಿ ಮಾಡೀನಿ."

ಜನರ ತಕರಾರು ಬಂದ ಮಾಸ್ತರನ ಅರ್ಜಿಯನ್ನು ಯಾವ ಸಾಹೇಬರು ಮೇಲಿಡುತ್ತಾರೆ? ಮಕ್ಕಳನ್ನು ವಾಪಸು ಕರೆಯೋಣವೆಂದು ಅವರು ಹೊರಗೆ ಬಂದರು. ಅಷ್ಟರಲ್ಲಿ ಸಾಹೇಬರ ಜೀಪು ಶಾಲೆಯನ್ನು ದಾಟಿ ಚೇರ್ಮನ್ನರ ಮನೆಯ ಕಡೆ ಹೋಯಿತು. ತಪಾಸಣೆಗೆ ಬಂದವರು ಮೊದಲು ಅಲ್ಲಿ ಉಂಡು, ಆಮೇಲೆ ಶಾಲೆಗೆ ಬರುವುದು ಆ ಊರಿನ ರಿವಾಜು. ಮಾಸ್ತರರು ಜೀಪಿನ ಧೂಳಿನೊಳಗೇ ಓಡಿದರು.

ಚೇರ್ಮನ್ನರ ಮನೆಯಲ್ಲಿ ಇನ್ನೊಂದು ರಿವಾಜಿತ್ತು. ಎರಡನೇ ಹೋಳಿಗೆ ಬಡಿಸುವಾಗ ವಿರುಪಣ್ಣ ಅತಿಥಿಗೆ ಚಿರತೆಯ ಕತೆ ಹೇಳಬೇಕು. ಇಪ್ಪತ್ತು ವರ್ಷದ ಹಿಂದೆ ಹಿತ್ತಲಿಗೆ ಚಿರತೆ ಬಂದದ್ದು, ಅವರು ಬೇವಿನ ಗಿಡ ಏರಿ ಅದರ ಬೆನ್ನ ಮೇಲೆ ಜಿಗಿದು ಬರಿಗೈಯಲ್ಲಿ ಓಡಿಸಿದ್ದು. ಮಾಸ್ತರರು ಒಳಗೆ ಕಾಲಿಟ್ಟಾಗ ವಿರುಪಣ್ಣ ಗಿಡದ ತುದಿಯಲ್ಲಿದ್ದರು. ಕಂಬದ ಹತ್ತಿರ ನಾಲ್ಕನೇ ಇಯತ್ತೆಯ ಮೂವರು ನೋಟ್‌ಬುಕ್ ಹಿಡಿದು ನಿಂತಿದ್ದರು. ಮಾಸ್ತರರು ಕಣ್ಣು ಸನ್ನೆ ಮಾಡಿದರು. ಮಕ್ಕಳು ಅದನ್ನು ‘ಕೇಳ್ರಿ’ ಎಂದು ತಿಳಿದವು.

"ಚೇರ್ಮನ್ ಅಜ್ಜಾರ, ನೀವು ಏರಿದ್ದು ಹಿತ್ತಲದಾಗಿನ ಈ ಗಿಡಾನ ಏನ್ರಿ?"

"ಹೂಂ, ಇದ. ಊರಿಗೆಲ್ಲಾ ಗೊತ್ತೈತಿ."

"ಇದನ್ನ ಹಚ್ಚಿದ್ದು ನಿಮ್ಮ ಹಿರೇ ಮಗನ ಲಗ್ನದ ವರ್ಷ ಅಂತ ನಿಮ್ಮ ಮನ್ಯಾಗಿನ ಅಜ್ಜಿ ಹೇಳ್ಯಾರ್ರಿ. ಲಗ್ನ ಆಗಿ ಹನ್ನೆರಡು ವರ್ಷ ಆಗೇತಿ. ಚಿರತಿ ಬಂದು ಇಪ್ಪತ್ತು ಆಗೇತಿ. ಹಂಗಾದ್ರ ಅವತ್ತು ನೀವು ಏನನ್ನ ಏರಿದ್ರಿ?"

ಸಾಹೇಬರ ಕೈಯಲ್ಲಿ ಹೋಳಿಗೆ ನಿಂತಿತು. ವಿರುಪಣ್ಣ ಬಾಯಿ ತೆರೆದರು. ಆದರೆ ಉತ್ತರ ಬಂದದ್ದು ಅಡಿಗೆಮನೆಯಿಂದ, ಅವರ ಹೆಂಡತಿ ವಿರೂಪಾಕ್ಷಮ್ಮನವರದು.

"ಅಟ್ಟ ಏರಿದ್ರಪ್ಪಾ. ನಿಚ್ಚಣಿಕಿ ಮ್ಯಾಲ ಎಳಕೊಂಡ್ರು. ಅದು ಚಿರತಿ ಅಲ್ರೀ, ಕುಂಬಾರರ ನಾಯಿ ಅಂತ ನಾನು ಎರಡು ತಾಸು ಒದರಿದೆ, ಇಳೀಲಿಲ್ಲ."

ಮಕ್ಕಳು ‘ನನಗೆ ತಿಳಿದದ್ದು’ ಎಂಬ ಭಾಗದಲ್ಲಿ ಇದನ್ನು ಬರೆದುಕೊಂಡು, "ನಮಸ್ಕಾರ್ರಿ" ಎಂದು ಹೇಳಿ ಹೋದವು.

ಸಾಹೇಬರು ಶಾಲೆಗೆ ಬರುವಾಗ ಹಿಂದೆ ಅರ್ಧ ಊರು ಇತ್ತು. ಮುಂದೆ ವಿರುಪಣ್ಣ, ಮೈಮೇಲೆ ಬೆಳಿಗ್ಗೆ ಬಿಚ್ಚಿಸಿಕೊಂಡ ಅಂಗಿ, ಕೈಯಲ್ಲಿ ಅರ್ಜಿ. ಅವರ ಮತ್ತು ಸಣ್ಣಪ್ಪನ ಸಹಿಯ ಕೆಳಗೆ ಮೂವತ್ತೆರಡು ಹೆಬ್ಬೆಟ್ಟು ಇದ್ದವು.

"ಸಾಹೇಬ್ರ, ಈ ಮಾಸ್ತರ ನಮಗ ಬ್ಯಾಡ. ಮಕ್ಕಳಿಗೆ ಅಕ್ಷರ ಕಲಸ್ರಿ ಅಂದ್ರ ಇವ್ರು ಪೊಲೀಸ್ ಕೆಲಸ ಕಲಿಸ್ಯಾರ. ಇವತ್ತ ವರ್ಗ ಮಾಡ್ರಿ."

ಸಾಹೇಬರು ಕುರ್ಚಿಯಲ್ಲಿ ಕೂತು ಅರ್ಜಿ ಓದಿದರು. ಕನ್ನಡಕ ತೆಗೆದು ಒರೆಸಿದರು. ಅವರೂ ಇಂಥ ಊರುಗಳನ್ನು ಬಹಳ ಕಂಡವರು.

"ಊರವರ ಬ್ಯಾಡ ಅಂದ ಮ್ಯಾಲ ಇಡೋದು ಹೆಂಗ? ಆದ್ರ ಈಗ ನನ್ನ ಕೈಯಾಗ ಖಾಲಿ ಇರೋದು ಒಂದ ಜಾಗ. ಭಾಗ್ಯನಗರ. ಅಲ್ಲಿಗೆ ಕಳಸ್ಬೇಕಾಗ್ತೈತಿ."

ಯಂಕೋಬ ಮಾಸ್ತರರಿಗೆ ಕಿವಿಯಲ್ಲಿ ಯಾರೋ ಸಕ್ಕರೆ ಹಾಕಿದಂತಾಯಿತು. ಮರುಗಳಿಗೆಯೇ ಎಚ್ಚರವಾಗಿ, ಮುಖವನ್ನು ಮನೆಯಲ್ಲಿ ಸಾವಾದವರಂತೆ ಇಳಿಸಿಕೊಂಡರು. ನಗು ಬರಬಾರದೆಂದು ಕೆನ್ನೆಯನ್ನು ಒಳಗಿನಿಂದ ಕಚ್ಚಿ ಹಿಡಿದರು. ಕಣ್ಣಲ್ಲಿ ನೀರೇ ಬಂತು.

"ನೀವೇನಂತೀರಿ ಮಾಸ್ತರ?"

"ಊರವರ ಮನಸ್ಸಿನ ವಿರುದ್ಧ ನಾನು ಒಂದ ದಿನಾನೂ ಇರಂಗಿಲ್ರಿ ಸಾಹೇಬ್ರ" ಎಂದರು ಮಾಸ್ತರರು. ದನಿ ನಡುಗಿತು. ಗಾಳೆಮ್ಮನಿಗೆ ಕೂಡ ಅಯ್ಯೋ ಅನ್ನಿಸಿತು.

ಸಾಹೇಬರು ಪೆನ್ನು ತೆಗೆದರು. ಆದರೆ ತಪಾಸಣೆಗೆ ಬಂದು ಒಂದಾದರೂ ಪ್ರಶ್ನೆ ಕೇಳದೆ ಬರೆಯುವುದು ಹೇಗೆ? ಮುಂದಿನ ಸಾಲಿನ ಮೊದಲ ಹುಡುಗನಿಗೆ, "ನಿನ್ನ ಹೆಸರೇನಪಾ?" ಎಂದರು.

"ದಿಲ್ಲಿ" ಎಂದ ಅವನು.

"ಎಷ್ಟನೇ ಇಯತ್ತೆ?" ಎಂದು ಪಕ್ಕದವನನ್ನು ಕೇಳಿದರು.

"ಹದಿನಾರು."

ಜಿಲಾನಸಾಬರು ಗೋಡೆಯ ಕಡೆ ಮುಖ ಮಾಡಿದರು. ಸಾಹೇಬರು ಮೂರನೆಯವನನ್ನು ಕೇಳಲಿಲ್ಲ. "ಹೊಸ ಪದ್ಧತೀಲೆ ಬರೆದದ್ದು ಯಾರದರ ಐತೇನು? ಓದ್ರಿ ಒಬ್ಬರು."

ಮೂಲೆಯಿಂದ ಹಂಪವ್ವ ಎಂಬ ಹುಡುಗಿ ಎದ್ದಳು. ತರಗತಿಯಲ್ಲಿ ಅವಳ ದನಿಯನ್ನು ಮಾಸ್ತರರು ಮೂರು ವರ್ಷದಲ್ಲಿ ಹಾಜರಿ ಕೂಗುವಾಗ ಬಿಟ್ಟರೆ ಕೇಳಿರಲಿಲ್ಲ. ಅವಳು ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು ಓದಿದಳು.

"ನನ್ನ ಪ್ರಶ್ನೆ. ನಮ್ಮ ಯಂಕೋಬ ಮಾಸ್ತರು ಸೋಮವಾರ ಯಾಕೆ ಮುಖ ಸಪ್ಪಗೆ ಮಾಡಿಕೊಂಡು ಬರುತ್ತಾರೆ. ನಾನು ಕೇಳಿದ್ದು. ಟಪಾಲು ತರುವ ಕಾಕಾನನ್ನು, ಬಸ್ಸಿನ ಕಂಡಕ್ಟರನನ್ನು, ಹೆಡ್‌ಮಾಸ್ತರನ್ನು. ನನಗೆ ತಿಳಿದದ್ದು. ಮಾಸ್ತರಿಗೆ ಭಾಗ್ಯನಗರಕ್ಕೆ ವರ್ಗ ಬೇಕು. ಅದಕ್ಕೆ ಹನ್ನೊಂದು ಅರ್ಜಿ ಕಳಿಸಿದ್ದಾರೆ. ಅಲ್ಲಿ ಅವರ ಹೆಂಡತಿ ಇದ್ದಾರೆ. ರೊಟ್ಟಿ ದುಂಡಗೆ ಮಾಡುತ್ತಾರೆ. ನಮ್ಮೂರು ಬಿಟ್ಟು ಹೋದರೆ ಪಾದಗಟ್ಟೆಯ ದೇವರಿಗೆ ಐದು ತೆಂಗಿನಕಾಯಿ ಒಡೆಸುತ್ತೇನೆ ಎಂದು ಕಂಡಕ್ಟರನ ಮುಂದೆ ಹೇಳಿದ್ದಾರೆ."

ಹಂಪವ್ವ ತಲೆ ಎತ್ತಿ ಮಾಸ್ತರರ ಮುಖವನ್ನು ಒಂದು ಸಲ ಸರಿಯಾಗಿ ನೋಡಿದಳು. ಪೆನ್ಸಿಲಿನಿಂದ ಏನೋ ಬರೆದಳು. ಬರೆದದ್ದನ್ನೂ ಓದಿದಳು.

"ಇನ್ನೂ ತಿಳಿಯದ್ದು. ಈಗ ಭಾಗ್ಯನಗರ ಸಿಕ್ಕಿದೆ. ಆದರೂ ಮಾಸ್ತರು ಯಾಕೆ ಅಳುವ ಹಾಗೆ ಮಾಡುತ್ತಿದ್ದಾರೆ."

ಮಾಸ್ತರರು ಕಚ್ಚಿ ಹಿಡಿದಿದ್ದ ಕೆನ್ನೆ ಜಾರಿತು.

ವಿರುಪಣ್ಣ ನಿಧಾನವಾಗಿ ಎದ್ದರು. "ಹಿಂಗೈತೇನು? ನಮ್ಮ ಮಾನ ಅಗಸಿಗೆ ತೂಗು ಹಾಕಿ, ಇವ್ರು ಭಾಗ್ಯನಗರದಾಗ ದುಂಡನ ರೊಟ್ಟಿ ತಿಂತಾರೇನು? ಕೊಡ್ರಿ ಸಾಹೇಬ್ರ ಆ ಅರ್ಜಿ."

"ಹರಿಯಬ್ಯಾಡ್ರಿ ಚೇರ್ಮನ್ರ" ಎಂದ ಸಣ್ಣಪ್ಪ. "ಮೂವತ್ತೆರಡು ಮಂದಿ ಕೈಗೆ ಮತ್ತ ಮಸಿ ಹಚ್ಚೋರು ಯಾರು?" ಅವನು ಟವೆಲು ಸರಿಮಾಡಿಕೊಂಡು ಬಾಗಿ, ‘ವರ್ಗ ಮಾಡಬೇಕು’ ಎಂಬಲ್ಲಿ ಒಂದು ಗೆರೆ ಎಳೆದು, ಮೇಲೆ ‘ರಿಟೈರ್ ಆಗುವತನಕ ವರ್ಗ ಮಾಡಬಾರದು’ ಎಂದು ದುಂಡಾಗಿ ಬರೆದ. ಹೆಬ್ಬೆಟ್ಟುಗಳು ಇದ್ದಲ್ಲೇ ಕೆಲಸಕ್ಕೆ ಬಂದವು.

"ದಿನಾ ಹಾಲು ನಾನ ಹಾಕ್ತೀನಿ ಮಾಸ್ತರ, ಕಾಳಜಿ ಮಾಡಬ್ಯಾಡ್ರಿ" ಎಂದಳು ಗಾಳೆಮ್ಮ. ಹೇಳಿದ ರೀತಿ ಶಾಪ ಹಾಕಿದ ಹಾಗಿತ್ತು.

ಸಾಹೇಬರಿಗೆ ಸಂತೋಷ ತಡೆಯಲಿಲ್ಲ. ಮೂವತ್ತೆರಡು ಹೆಬ್ಬೆಟ್ಟು ಹಾಕಿ ಮಾಸ್ತರನನ್ನು ಉಳಿಸಿಕೊಂಡ ಊರನ್ನು ಅವರು ತಮ್ಮ ಸರ್ವಿಸಿನಲ್ಲೇ ಕಂಡಿರಲಿಲ್ಲ. ತಪಾಸಣೆ ಬುಕ್ಕಿನಲ್ಲಿ, ‘ಹೊಸ ಪದ್ಧತಿ ಅತ್ಯುತ್ತಮ. ಈ ಶಿಕ್ಷಕರನ್ನು ಈ ಗ್ರಾಮದಿಂದ ಕದಲಿಸಕೂಡದು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು.

"ಆದ್ರ ಭಾಗ್ಯನಗರ ಖಾಲಿ ಬಿಡಾಕ ಬರಂಗಿಲ್ಲ" ಎಂದು ಸುತ್ತ ನೋಡಿದರು. "ಜಿಲಾನಸಾಬರ, ನಿಮ್ಮ ಮ್ಯಾಲ ಊರಾಗ ಏನರ ತಕರಾರು?"

"ಏನೂ ಇಲ್ರಿ. ಇಪ್ಪತ್ತೆರಡು ವರ್ಷದಾಗ ಒಂದ ಹುಡುಗ ಒಂದ ಪ್ರಶ್ನಿ ಕೇಳಿಲ್ರಿ."

"ಹಂಗಾದ್ರ ನೀವ ಹೋಗ್ರಿ."

ಜೀಪು ಹೋದ ಮೇಲೆ ಜಿಲಾನಸಾಬರು ಯಂಕೋಬ ಮಾಸ್ತರರ ಪಕ್ಕದಲ್ಲಿ ಬಂದು ಕೂತರು. ಟೋಪಿಯನ್ನು ಕೈಯಲ್ಲಿ ತಿರುಗಿಸಿದರು.

"ಯಂಕೋಬರಾಯರ, ತಪ್ಪು ತಿಳೀಬ್ಯಾಡ್ರಿ. ಭಾಗ್ಯನಗರ ನನಗ ಹೊಸದು. ನಿಮ್ಮ ಮನಿ ಬಾಜೂಕ ಎಲ್ಲ್ಯರ ಬಾಡಗಿ ಮನಿ ಇದ್ರ ನೋಡಾಕ ನಿಮ್ಮ ಮನಿಯವ್ರಿಗೆ ಒಂದ ಚೀಟಿ ಬರದು ಕೊಡ್ರಲ್ಲಾ."

ಮಾಸ್ತರರು ಚೋಪಡಿಯ ಕೊನೆಯ ಹಾಳೆ ಹರಿದು ಬರೆದರು:

‘ಈ ಕಾಗದ ತಂದವರಿಗೆ ನಮ್ಮ ಓಣಿಯಲ್ಲೇ ಒಂದು ಮನೆ ನೋಡಿಕೊಡು. ಇವರು ಯಾಕೆ ಬಂದರು, ನಾನು ಯಾಕೆ ಬರಲಿಲ್ಲ ಎಂದು ಮಾತ್ರ ಕೇಳಬೇಡ.’